ಬಲಗಿವಿಗೆ ಕಾಲು ಸೆಕೆಂಡು

ಪರಮೇಶ,

ನಿನ್ನ ಈಗಿನ ವಿಳಾಸ ನನಗೆ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಇವತ್ತು ಕಂಪ್ಯೂಟರಿನಲ್ಲಿ ನಮ್ಮ ಭಜನೆಯ ಪದವೊಂದನ್ನು ರೆಕಾರ್ಡ್ ಮಾಡಿದೆ. ನನ್ನ ಹಿಂದೆ ಸಾಲು ಹಾಡಲು ಯಾರೂ ಇಲ್ಲದ್ದರಿಂದ ಡಿಲೇ ಹಾಕಿದೆ. ನಾನು ಹಾಡಿದ ಸಾಲನ್ನೇ ಅದು ತುಸು ತಡೆದು ಎರಡೂ ಕಿವಿಗೆ ಮತ್ತೆ ಕೇಳಿಸುತ್ತದೆ. ಎಡಗಿವಿಯದನ್ನು ತಾಳಕ್ಕೆ ಸರಿಹೊಂದಿಸಿದೆ, ಬಲಗಿವಿಯದನ್ನು ಕಾಲು ಸೆಕೆಂಡು ತಡವಾಗಿಟ್ಟೆ. ನಿನ್ನ ವೈನಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, “ಬಲಕ್ಕ ತಾಳ ತಪ್ಪೈತ್ರಿ” ಅಂದಳು.

“ಇರ್ಲಿ ಬಿಡು” ಅಂದೆ.

ನೀನು ಯಾವಾಗಲೂ ನನ್ನ ಬಲಕ್ಕೆ ಕೂತು ಅಷ್ಟೇ ತಡವಾಗಿ ಸಾಲು ಎತ್ತಿಕೊಳ್ಳುತ್ತಿದ್ದೆ. ಗಚ್ಚಿಬೌಲಿಯ ಹೊಸ ಕಂಪನಿಯೊಂದರ ಪೂಜೆಗೆ ಭಜನೆ ಹಾಡಲು ಹೋದಾಗ ಎಲ್ಲರೆದುರು ನಾನು ನಿನ್ನ ಕೈಯಿಂದ ಮೈಕು ಕಿತ್ತುಕೊಂಡದ್ದು ಅದಕ್ಕೇ.

ಇವತ್ತು ಎಷ್ಟು ಸಲ ಹಚ್ಚಿದರೂ ಅದು ಸರಿಯಾಗಿ ಅಷ್ಟೇ ತಡವಾಗಿ ಬಂತು. ಬಂದದ್ದು ಮಾತ್ರ ನನ್ನದೇ ದನಿ.