ಅವ್ವ ಮಂಡಿಯೂರಿದ ಜಾಗ

ಬಿಳಿಚೋಡು
೯ ಫೆಬ್ರವರಿ ೨೦೨೫

ಪ್ರೀತಿಯ ಸುಧಕ್ಕನಿಗೆ,

ನಿನ್ನ ತಮ್ಮ ಕೊಟ್ರೇಶನ ನಮಸ್ಕಾರ. ನೀನು, ಭಾವ, ಪಾಪು ಚೆನ್ನಾಗಿದ್ದೀರೆಂದುಕೊಂಡಿದ್ದೇನೆ. ತಡವಾಯಿತು, ಬೈಯಬೇಡ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಒಂದು ಹಾಳೆ ತುಂಬಿಸುವುದು ಹೊಲ ಉಳುವಷ್ಟೇ ಕೆಲಸ. ಫೋನಿನಲ್ಲಿ ಹೇಳಿದರೆ ನೀನು ನಗುತ್ತೀ, ಅದಕ್ಕೇ ಬರೆಯುತ್ತಿದ್ದೇನೆ.

ನ್ಯಾಮತಿಯ ಗ್ಯಾರೇಜು ಬಿಟ್ಟೆ. ಚನ್ನಗಿರಿಯ ಕೆಲಸವನ್ನೂ ಬಿಟ್ಟೆ. "ನಿನ್ ಕಾಲಿಗೆ ಚಕ್ರ ಐತೇನಲೇ?" ಅಂದ ಅಪ್ಪ. ಅವ್ವ ತೀರಿಕೊಂಡ ಮೇಲೆ ಊರಲ್ಲೇ ಇದ್ದೇನೆ.

ಅವ್ವನ ಪ್ರಾರ್ಥನೆಯ ಕೋಣೆ ನೆನಪಿದೆಯಲ್ಲ, ಮೊದಲು ಆಡು ಕಟ್ಟುತ್ತಿದ್ದದ್ದು? ಕೋಳಿ ಕೂಗುವ ಮುಂಚೆ ಒಬ್ಬಳೇ ಮಂಡಿಯೂರಿ, ನೀರಿನ ಟ್ಯಾಂಕಿನ ಪಕ್ಕದ ಮನೆಯಿಂದ ಹಿಡಿದು ಸಾಲಾಗಿ ಊರಿನ ಒಂದೊಂದು ಮನೆಯ ಹೆಸರನ್ನೂ ಯೇಸಪ್ಪನಿಗೆ ಹೇಳುತ್ತಿದ್ದಳು. ನಮ್ಮನ್ನು ಹೊಸಿಲು ದಾಟಲು ಬಿಡದವರ ಮನೆಯನ್ನೂ ಬಿಡುತ್ತಿರಲಿಲ್ಲ. ವರ್ಷಾನುಗಟ್ಟಲೆ ಹಾಗೆ ಕೂತು ಮಣ್ಣಿನ ನೆಲದಲ್ಲಿ ಎರಡು ಗುಳಿ ಬಿದ್ದಿದ್ದವು.

ಅವಳನ್ನು ಮಣ್ಣು ಮಾಡಿದ ಮೇಲೆ ಆ ಗುಳಿಗಳನ್ನು ನೋಡಲಾಗದೆ ಮಣ್ಣು ತುಂಬಿ ಸಗಣಿ ಸಾರಿಸಿದೆ. ಬೆಳಗ್ಗೆ ಮತ್ತೆ ಬಿದ್ದಿದ್ದವು. ಇಲಿ ಇರಬೇಕೆಂದು ಮತ್ತೆ ತುಂಬಿದೆ. ಮತ್ತೆ ಬಿದ್ದವು. ಈ ಸಲ ಅಕ್ಕಪಕ್ಕದಲ್ಲಿ ಇನ್ನಷ್ಟು ಗುಳಿ, ಚಿಕ್ಕವು, ದೊಡ್ಡವು. ಹಸಿ ನೆಲದಲ್ಲಿ ಸೀರೆ ನೆರಿಗೆಯ ಅಚ್ಚೂ ಮೂಡಿತ್ತು.

ಪಕ್ಕದ ಮನೆಯ ದ್ಯಾಮಮ್ಮತ್ತೆಗೆ ತೋರಿಸಿದೆ. "ನಿಮ್ಮವ್ವ ಇನ್ನೂ ಎದ್ ಹೋಗಿಲ್ಲ ಕಣೋ," ಅಂದು ಸೆರಗು ಬಾಯಿಗಿಟ್ಟುಕೊಂಡಳು.

ಮರುದಿನ ಬೆಳಕು ಹರಿಯುವ ಮುಂಚೆ ಹೋದೆ. ಕತ್ತಲ ಕೋಣೆಯೊಳಗಿಂದ ಅವ್ವನ ರಾಗದಲ್ಲೇ, ಅವ್ವನ ಸಾಲಿನಲ್ಲೇ ಮನೆಗಳ ಹೆಸರು ಕೇಳಿಸುತ್ತಿತ್ತು. ಮೊಬೈಲಿನ ಬೆಳಕು ಬಿಟ್ಟೆ. ನಮ್ಮ ಕೇರಿಯ ಹೆಂಗಸರು, ಮೇಲಿನ ಬೀದಿಯವರು, ಎಲ್ಲರೂ ಮಂಡಿಯೂರಿದ್ದರು. ಮುಂದೆ ದ್ಯಾಮಮ್ಮತ್ತೆ!

"ಲೈಟ್ ಆರ್ಸಲೇ, ಕಣ್ ಕುಕ್ತೈತೆ."

"ನಿನ್ನೆ ತೋರ್ಸಿದಾಗ್ಲೇ ಹೇಳಾಕೆ ಏನಾಗಿತ್ತತ್ತೆ?"

"ಹೇಳಿದ್ರೆ ನಿಮ್ಮಪ್ಪ ಬೀಗ ಜಡೀತಿದ್ದ. ನಮ್ ಮನೆ ಹೆಸ್ರು ದೇವ್ರ ಮುಂದೆ ಹೇಳೋಳು ಹೋದ್ಲಲ್ಲಪ್ಪ. ನಾವೇ ಹೇಳ್ಕಳಾಕೆ ಬಂದೀವಿ."

ಅಪ್ಪ ಬೀಗ ಹಾಕಲಿಲ್ಲ. ಒಳಗೂ ಬರುವುದಿಲ್ಲ. ಈಗ ಜಗಳೂರಿನಿಂದಲೂ ಜನ ಬರುತ್ತಾರೆ, ಭಾನುವಾರ ಅಂಗಳದಲ್ಲಿ ಚಾಪೆ ಹಾಸಬೇಕು. ಬರುವ ವಾರ ಅವರೇ ದುಡ್ಡು ಕೂಡಿಸಿ, ಗೋಡೆ ಒಡೆದು ಕೋಣೆ ದೊಡ್ಡದು ಮಾಡಿ ನೆಲಕ್ಕೆ ಟೈಲ್ಸ್ ಹಾಕಿಸುತ್ತಾರೆ. ಅವ್ವನ ಗುಳಿಗಳು ಮುಚ್ಚಿಹೋಗುತ್ತವೆ. ಅದಕ್ಕೆ ಮುಂಚೆ ಬಂದು ನೋಡಕ್ಕ. ಮಣ್ಣಿಗೆ ಬಂದವಳು ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಹೋದೆಯಂತೆ. ಈ ಸಲ ಹಾಗೆ ಮಾಡಬೇಡ.

ಇನ್ನೊಂದು ಮಾತು. ಅವ್ವನ ಗುಳಿಗಳಲ್ಲಿ ಯಾರೂ ಕೂರುವುದಿಲ್ಲ, ಜಾಗ ಬಿಟ್ಟೇ ಕೂರುತ್ತಾರೆ. ಹಾಗಾದರೆ ನಾನು ತುಂಬಿದ ಮಣ್ಣನ್ನು ಒತ್ತಿದ್ದು ಯಾರೆಂದರೆ ಒಬ್ಬರೂ ಒಪ್ಪುವುದಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಕೈಯಿಟ್ಟು ನೋಡಿದೆ. ನನಗೆ ನಂಬಿಕೆ ಕಡಿಮೆ, ನಿನಗೆ ಗೊತ್ತು. ಆದರೆ ಇದ್ದದ್ದನ್ನು ಇಲ್ಲವೆನ್ನಲಾರೆ. ಅಲ್ಲಿ ಬೆಚ್ಚಗಿತ್ತು.

ಪಾಪುವಿಗೆ ಮುತ್ತು. ಯೇಸಪ್ಪ ನಿಮ್ಮ ಮನೆ ಕಾಯಲಿ. ಇದು ಅವ್ವನ ಮಾತು, ನಾನು ಮುಟ್ಟಿಸುತ್ತಿದ್ದೇನೆ ಅಷ್ಟೆ.

ನಿನ್ನ ತಮ್ಮ,
ಕೊಟ್ರೇಶ

ವಿ.ಸೂ.: ಹೆಸರುಗಳೆಲ್ಲ ಮುಗಿದ ಮೇಲೆ ಆ ಹೆಂಗಸರು ಸ್ವಲ್ಪ ಹೊತ್ತು ದನಿಯಿಲ್ಲದೆ ತುಟಿ ಅಲ್ಲಾಡಿಸಿ, ಆಮೇಲೆ ಆಮೆನ್ ಅನ್ನುತ್ತಾರೆ. ಯಾಕೆಂದು ಕೇಳಿದರೆ, "ನಿಮ್ಮವ್ವ ಹಂಗೇ ಮಾಡ್ತಿದ್ಲು, ಕಿಟಕೀಲಿ ನೋಡೀವಿ" ಅನ್ನುತ್ತಾರೆ. ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ನೀನು ಭಾವನ ಜೊತೆ ಹೊನ್ನಾಳಿಗೆ ಹೊರಟುಹೋದ ದಿನ, ನಿನ್ನ ಹೆಸರು ಈ ಮನೆಯಲ್ಲಿ ಕೇಳಿಸಕೂಡದೆಂದು ಅಪ್ಪ ಅವ್ವನಿಂದ ಬೈಬಲ್ ಮುಟ್ಟಿಸಿ ಆಣೆ ಮಾಡಿಸಿದ. ಅವಳು ಕೇಳಿಸದ ಹಾಗೆ ಹೇಳುತ್ತಿದ್ದಳು. ಇವತ್ತು ನಾನೂ ಹಿಂದೆ ಮಂಡಿಯೂರಿದ್ದೆ. ತುಟಿಗಳು ಅಲ್ಲಾಡುವಾಗ "ಸುಧಾ" ಅಂತ ಗಟ್ಟಿಯಾಗಿ ಹೇಳಿಬಿಟ್ಟೆ. ಯಾರೂ ಆಮೆನ್ ಅನ್ನಲಿಲ್ಲ. ತಿರುಗಿದರೆ ಬಾಗಿಲಲ್ಲಿ ಅಪ್ಪ.

"ಇನ್ನೊಂದ್ಸಲ ಹೇಳಲೇ," ಅಂದ.

ಸಿಟ್ಟೋ ಏನೋ ತಿಳಿಯಲಿಲ್ಲ, ಚಪ್ಪಲಿ ಮಾತ್ರ ಹೊರಗೇ ಬಿಟ್ಟಿದ್ದ. ಇನ್ನೊಂದು ಸಲ ಹೇಳಿದೆ.