ಹದಿನೆಂಟು ಇಂಚು

ಟೈರ್ ಅಂಗಡಿಯಿಂದ,
ಮಂಗಳವಾರ, ತಾರೀಖು ಹನ್ನೊಂದು, ಮಧ್ಯಾಹ್ನ.

ಪ್ರೀತಿಯ ತಂಗಿಗೆ,

ಹೇಗಿದ್ದೀಯಾ? ಹಿಮ್ಮಡಿ ನೋವು ಕಡಿಮೆಯಾಯಿತಾ? ದಿನವಿಡೀ ಲ್ಯಾಬಿನಲ್ಲಿ ನಿಂತು ಊರಿನವರ ರಕ್ತವನ್ನೆಲ್ಲ ಪರೀಕ್ಷೆ ಮಾಡುವವಳು ನಿನ್ನ ರಕ್ತವನ್ನು ಒಮ್ಮೆಯಾದರೂ ನೋಡಿಕೊಂಡೆಯೋ ಇಲ್ಲವೋ. ಅಮ್ಮ ಚೆನ್ನಾಗಿದ್ದಾಳೆ. ಎಡಗಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯ ಮೂಲೆ ಮೂಲೆಯ ಧೂಳೂ ಕಾಣಿಸತೊಡಗಿ ನನ್ನ ಪ್ರಾಣ ತಿನ್ನುತ್ತಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಹೊಟ್ಟೆ ಮಾತ್ರ ನನಗಿಂತ ಸ್ವಲ್ಪ ಹೆಚ್ಚು ಚೆನ್ನಾಗಿದೆ. ನನ್ನ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ. ತಿಂಗಳಿಗೊಮ್ಮೆ ಅಮ್ಮನಿಗೆ ಮಾಡಿ, ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎಂದು ಎರಡು ನಿಮಿಷ ಮಾತಾಡಿ ಇಟ್ಟುಬಿಡುತ್ತೀಯಾ. ಅದಕ್ಕೇ ಈ ಕಾಗದ. ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ಗ್ರೀಸ್ ಕಲೆಗೆ ಬೈಯಬೇಡ.

ಮೇಲೆ ಮೊದಲು ‘ಪ್ರೀತಿಯ ಮರೆಗುಳಿ’ ಎಂದು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಆ ಹೆಸರಿಟ್ಟವನು ನಾನೇ. ಏಳು ವರ್ಷದವಳಿದ್ದಾಗ ಶಾಲೆಯಲ್ಲಿ ಒಂದು ಕಾಲಿನ ಶೂ ಬಿಟ್ಟು ಕುಂಟುತ್ತಾ ಮನೆಗೆ ಬಂದಿದ್ದೆಯಲ್ಲ, ಅವತ್ತಿನಿಂದ. ಆಮೇಲೆ ನೀನು ಇನ್ನೇನನ್ನು ಮರೆತೆ ಎಂದು ಕೇಳಿದರೆ ನನಗೆ ಒಂದೂ ನೆನಪಾಗುವುದಿಲ್ಲ. ಪರೀಕ್ಷೆಯ ಹಾಲ್ ಟಿಕೆಟ್ ಮರೆತವನು ನಾನು. ಅಪ್ಪನ ಕನ್ನಡಕ ಬಸ್ಸಿನಲ್ಲಿ ಬಿಟ್ಟು ಬಂದವನೂ ನಾನೇ. ಆದರೆ ಹೆಸರು ಮಾತ್ರ ನಿನಗೇ ಅಂಟಿಕೊಂಡಿತು. ಮನೆಯಲ್ಲಿ ಏನು ಕಳೆದುಹೋದರೂ ಎಲ್ಲರೂ ನಿನ್ನ ಕಡೆಗೇ ತಿರುಗುತ್ತಿದ್ದೆವು. ತಮಾಷೆ ಎಂದುಕೊಂಡಿದ್ದೆ. ಕಳೆದ ವರ್ಷ ಅದು ತಮಾಷೆಯಾಗಿ ಉಳಿಯಲಿಲ್ಲ.

ಇನ್ನು ಬರೆಯುವುದರಲ್ಲಿ ಬಹಳಷ್ಟು ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಏಕೆಂದರೆ ಅಂಚೆಗೆ ಹಾಕುವ ಮುನ್ನ ಇದನ್ನು ಅಮ್ಮನಿಗೆ ಓದಿ ಹೇಳುವುದೆಂದು ನಿರ್ಧರಿಸಿದ್ದೇನೆ. ಅಜ್ಜಿಯ ಹೊಲಿಗೆ ಯಂತ್ರ ಯಾರಿಗೆ ಸೇರಬೇಕು ಎಂದು ಅಮ್ಮನೂ ದೊಡ್ಡಮ್ಮನೂ ಮಾತು ಬಿಟ್ಟು ಹದಿನೇಳು ವರ್ಷವಾಗಿತ್ತು. ಒಡಹುಟ್ಟಿದ ಇಬ್ಬರೂ ಒಂದೇ ಹಟದವರು, ಯಾರು ಬಗ್ಗುತ್ತಾರೆ? ಅವರನ್ನು ಬಗ್ಗಿಸಿದವಳು ನೀನು. ರಜೆ ಸಿಕ್ಕಾಗಲೆಲ್ಲ ದೊಡ್ಡಮ್ಮನ ಮನೆಗೆ ಹೋಗಿ, ಇತ್ತ ಅಮ್ಮನ ಕಿವಿ ಕಚ್ಚಿ, ಎರಡು ವರ್ಷ ಒದ್ದಾಡಿ ಒಪ್ಪಿಸಿದೆ. ದೊಡ್ಡಮ್ಮ ಮನೆ ಖಾಲಿ ಮಾಡಿ ಎರಡು ದಿನದ ದಾರಿಯ ಮಗನ ಊರಿಗೆ ಹೊರಟಿದ್ದಳು. ಮೂರೂ ನಲವತ್ತರ ರೈಲು. ಅದಕ್ಕೆ ಮೊದಲು ಸ್ಟೇಷನ್ನಿನಲ್ಲಿ ಅಕ್ಕತಂಗಿ ಕೂತು ಒಂದು ಗಂಟೆ ಮಾತಾಡುವುದು ಎಂದು ನಿಶ್ಚಯವಾಯಿತು. ಇನ್ನೂರ ಐವತ್ತೈದು ಕಿಲೋಮೀಟರ್. ನಿನ್ನ ಹೊಸ ಎಲೆಕ್ಟ್ರಿಕ್ ಕಾರು ಒಂದು ಚಾರ್ಜಿಗೆ ಮುನ್ನೂರು ಓಡುತ್ತದೆ, ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಕಾಗಿಲ್ಲ ಎಂದು ನೀನು ಹೇಳಿದಾಗ ಅಮ್ಮ ಹಿಂದಿನ ದಿನವೇ ಸೀರೆ ತೆಗೆದು ಕುರ್ಚಿಯ ಮೇಲೆ ಇಟ್ಟುಕೊಂಡಿದ್ದಳು.

ಆ ಮುನ್ನೂರರ ಲೆಕ್ಕ ಕಂಪನಿ ಕೊಟ್ಟ ಹದಿನಾರು ಇಂಚಿನ ಚಕ್ರಗಳದ್ದು, ತಂಗಿ. ಅವು ಆಗ ನಿನ್ನ ಕಾರಿನಲ್ಲಿ ಇರಲಿಲ್ಲ. ಕಾರು ತಂದ ದಿನ ಅವನ್ನು ನೋಡಿ ನಾನು ನಕ್ಕಿದ್ದೆ. ಸ್ವಂತ ದುಡಿಮೆಯಲ್ಲಿ ತಗೊಂಡ ಕಾರಿಗೆ ಇದೇನೇ ಆಟಿಕೆ ಚಕ್ರ ಎಂದು ಹೀಯಾಳಿಸಿದ್ದೆ. “ಇರ್ಲಿ ಬಿಡೋ ಅಣ್ಣ, ನಂಗೆ ಇವೇ ಚೆನ್ನಾಗಿವೆ” ಎಂದಿದ್ದೆ ನೀನು. ನಾನು ಬಿಡಬೇಕಲ್ಲ! ಅಪ್ಪನ ಅಂಗಡಿ ನಡೆಸುವವನು ತಂಗಿಗೆ ಅಷ್ಟೂ ಮಾಡದಿದ್ದರೆ ಹೇಗೆ ಎಂದು ಹದಿನೆಂಟು ಇಂಚಿನ ಅಲಾಯ್ ವೀಲ್, ಅದಕ್ಕೆ ತಕ್ಕ ಅಗಲದ ಟೈರ್ ತರಿಸಿ ಉಡುಗೊರೆಯಾಗಿ ಹಾಕಿದೆ. ನಿಜ ಹೇಳಲೇ? ಅರ್ಧ ನಿನಗೋಸ್ಕರ, ಅರ್ಧ ಅಂಗಡಿಗೋಸ್ಕರ. ನಿನ್ನ ಕಾರಿನ ಫೋಟೋ ದೊಡ್ಡದಾಗಿ ಮಾಡಿಸಿ ಬಾಗಿಲಲ್ಲಿ ತೂಗುಹಾಕಿದ್ದೆನಲ್ಲ. ಅದನ್ನು ನೋಡಿಯೇ ಆರು ಜನ ಅಂಥದ್ದೇ ವೀಲ್ ಹಾಕಿಸಿಕೊಂಡು ಹೋದರು. ಅವತ್ತು ನನ್ನನ್ನು ಹಿಡಿಯುವವರಿರಲಿಲ್ಲ.

ದಪ್ಪ ಚಕ್ರ ಕಣ್ಣಿಗೆ ಹಬ್ಬ, ಬ್ಯಾಟರಿಗೆ ಭಾರ. ಅಪ್ಪನ ಗಂಬೂಟು ಹಾಕಿಕೊಂಡು ಓಡಿದ ಹಾಗೆ. ಭಾರವೆಲ್ಲ ಅಂಚಿನಲ್ಲಿರುವುದರಿಂದ ಪ್ರತಿ ಸಲ ನಿಂತು ಹೊರಡುವಾಗ ಅದನ್ನು ತಿರುಗಿಸಲು ಹೆಚ್ಚು ವಿದ್ಯುತ್ ಬೇಕು. ಅಗಲದ ಟೈರು ರಸ್ತೆಯನ್ನು ಬಿಗಿಯಾಗಿ ಹಿಡಿಯುತ್ತದೆ, ಗಾಳಿಗೂ ಹೆಚ್ಚು ಎದೆಯೊಡ್ಡುತ್ತದೆ. ಪೆಟ್ರೋಲ್ ಗಾಡಿಯಲ್ಲಿ ಇದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ, ದಾರಿಯಲ್ಲಿ ಎಲ್ಲಾದರೂ ಐದು ನಿಮಿಷ ನಿಲ್ಲಿಸಿ ತುಂಬಿಸಿಕೊಳ್ಳುತ್ತಾರೆ. ನಿನ್ನ ಕಾರಿನಲ್ಲಿ ಹಾಗಲ್ಲ. ಮೊನ್ನೆ ಒಬ್ಬ ನಿವೃತ್ತ ಸರ್ವೇಯರ್ ಅಂಗಡಿಗೆ ಬಂದಿದ್ದರು. ನಿನ್ನಂಥದ್ದೇ ಕಾರು, ನಿನ್ನ ಕಾರಿನ ಫೋಟೋ ನೋಡಿ ಹಾಕಿಸಿಕೊಂಡ ಅದೇ ವೀಲ್. ಕಂಕುಳಲ್ಲಿ ಒಂದು ನೋಟ್‌ಬುಕ್ಕು. ದಿನವೂ ಎಷ್ಟು ಓಡಿತು, ಎಷ್ಟು ಯೂನಿಟ್ ತಿಂದಿತು ಎಂದು ಹಾಳೆಗೆ ಗೀಟು ಹಾಕಿ ಬರೆದಿದ್ದಾರೆ. ದೊಡ್ಡ ವೀಲ್ ಹಾಕಿದ ಮೇಲೆ ಒಂದು ಚಾರ್ಜಿಗೆ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಖೋತಾ. “ಏನಪ್ಪಾ, ಫೋಟೋದಲ್ಲಿ ಇದನ್ನ ಹಾಕಿರ್ಲಿಲ್ವಲ್ಲ” ಎಂದರು. ನಿನ್ನ ವಿಷಯ ನನಗೆ ಹೊಳೆದದ್ದೇ ಆಗ.

ಮುನ್ನೂರರಲ್ಲಿ ಐವತ್ತು ಕಳೆದರೆ ಇನ್ನೂರೈವತ್ತು, ಸ್ಟೇಷನ್ನು ಇನ್ನೂರ ಐವತ್ತೈದು. ಅದರ ಮೇಲೆ ಅವತ್ತಿನ ಎದುರುಗಾಳಿ ಬೇರೆ. ಸ್ಟೇಷನ್ನಿನ ಊರು ಇನ್ನೂ ಮೂವತ್ತು ಕಿಲೋಮೀಟರ್ ಇರುವಾಗ ಬ್ಯಾಟರಿಯ ಗುರುತು ಕೆಂಪಗಾಯಿತು. ಪೀಠೋಪಕರಣದ ಅಂಗಡಿಯೊಂದರ ಹಿಂದೆ ಆಮೆಯಂಥ ಚಾರ್ಜರಿಗೆ ಕಾರು ಕಟ್ಟಿ, ಇಸ್ತ್ರಿ ಸೀರೆ ಉಟ್ಟ ಅಮ್ಮನನ್ನು ಮಾರಾಟದ ಸೋಫಾ ಮೇಲೆ ಕೂರಿಸಿಕೊಂಡು ಎರಡೂವರೆ ಗಂಟೆ ಕಾದಿರಿ. ಅಮ್ಮ ಫೋನ್ ಮಾಡಿ ಕಾರಿನ ಚಾರ್ಜು ಮುಗೀತು ಅಂದದ್ದು ದೊಡ್ಡಮ್ಮನಿಗೆ ಕುಂಟುನೆಪದಂತೆ ಕೇಳಿಸಿತು. “ಹದಿನೇಳು ವರ್ಷ ಕಾಯಿಸಿದಳು, ಇವತ್ತೂ ಕಾಯಿಸ್ತಿದಾಳೆ” ಎಂದು ಫೋನಿಟ್ಟಳು. ನೀವು ಮುಟ್ಟುವಷ್ಟರಲ್ಲಿ ಪ್ಲಾಟ್‌ಫಾರಂ ಗುಡಿಸುತ್ತಿದ್ದರಂತೆ. ಅವತ್ತಿನಿಂದ ದೊಡ್ಡಮ್ಮ ಅಮ್ಮನ ಫೋನ್ ಎತ್ತಿಲ್ಲ.

ಮಾರನೆಯ ದಿನ ಮನೆಯಲ್ಲಿ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. “ಒಂದೇ ಒಂದು ದಿನ ನೆನಪಿಟ್ಕೊಂಡು ಚಾರ್ಜ್ ಹಾಕೋಕೆ ಆಗ್ಲಿಲ್ವಾ ನಿನಗೆ?” ಎಂದಳು ಅಮ್ಮ. “ಫುಲ್ ಮಾಡಿದ್ದೆ ಕಣಮ್ಮಾ, ಮರೆತಿಲ್ಲ, ಬೆಳಿಗ್ಗೆ ನಾನೇ ನೋಡಿದೀನಿ” ಎಂದು ನೀನು ಎಷ್ಟು ಸಲ ಹೇಳಿದೆ! ಕೊನೆಗೆ ನನ್ನ ಕಡೆ ತಿರುಗಿ, “ನೀನಾದ್ರೂ ಹೇಳೋ ಅಣ್ಣ” ಎಂದೆ. ನಾನು ಬಾಗಿಲಿಗೆ ಒರಗಿ ನಿಂತಿದ್ದವನು, ಹೋಗಲಿ ಬಿಡಮ್ಮಾ, ಅವಳು ಮೊದಲಿಂದಲೂ ಮರೆಗುಳಿಯೇ ಅಲ್ಲವೇ ಎಂದುಬಿಟ್ಟೆ. ಜಗಳ ಬಿಡಿಸಲು ಅಂದೆ ಎಂದು ನನಗೆ ನಾನೇ ಹೇಳಿಕೊಂಡೆ. ನೀನು ಬ್ಯಾಗು ತಗೊಂಡು ಹೊರಟೆ. ಹದಿನಾಲ್ಕು ತಿಂಗಳಾಯಿತು. ಎರಡು ವರ್ಷ ಕಷ್ಟಪಟ್ಟು ಇಬ್ಬರನ್ನು ಕೂಡಿಸಲು ಹೋದವಳು ಮೂರನೆಯವಳಾಗಿ ದೂರವಾದೆ. ತಪ್ಪು ನಿನ್ನದಲ್ಲ, ಚಕ್ರದ್ದು. ಚಕ್ರ ಹಾಕಿದವನದ್ದು. ಇದನ್ನು ಹೇಳಲು ಇಷ್ಟು ದಿನ ಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಗುತ್ತದೆ.

ಆ ಫೋಟೋ ನಿನ್ನೆ ಇಳಿಸಿದೆ. ನಿನ್ನ ಹಳೆಯ ನಾಲ್ಕು ಚಕ್ರಗಳನ್ನು ಮಾರಿರಲಿಲ್ಲ. ಅವಕ್ಕೆ ಒಳ್ಳೆಯ ಟೈರ್ ಹಾಕಿಸಿಟ್ಟಿದ್ದೇನೆ. ಬಂದರೆ ಅರ್ಧ ಗಂಟೆಯ ಕೆಲಸ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಕಾರನ್ನು ಅಂಗಡಿ ಮುಂದೆ ಬಿಟ್ಟು ಮನೆಗೆ ಹೋಗಿ ಅಮ್ಮನ ಹತ್ತಿರ ಕೂತಿರು. ದೊಡ್ಡಮ್ಮನಿಗೂ ನಾನೇ ಬರೆಯುತ್ತೇನೆ. ಚಕ್ರದ ಲೆಕ್ಕ ಅವಳ ತಲೆಗೆ ಹೋಗುತ್ತದೋ ಇಲ್ಲವೋ, ತನ್ನ ತಂಗಿ ಬೇಕೆಂದೇ ಕಾಯಿಸಲಿಲ್ಲ ಎಂಬುದಾದರೂ ಹೋಗಲಿ. ಹಿಮ್ಮಡಿಗೆ ಮೆತ್ತನೆಯ ಚಪ್ಪಲಿ ತಗೋ. ಎಲ್ಲಿದ್ದರೂ ಸುಖವಾಗಿರು, ತಾಯಿ.

ಇತಿ,
ತಲೆ ತಗ್ಗಿಸಿದ
ನಿನ್ನ ಅಣ್ಣ

ತಾ. ಕ.: ಅಂಚೆಯವನು ಹೊರಗೆ ಕಾಯುತ್ತಿದ್ದಾನೆ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಈಗಷ್ಟೇ ಮನೆಗೆ ಹೋಗಿ ಅಮ್ಮನಿಗೆ ಕಾಗದ ಓದಿ ಹೇಳಿ ಬಂದೆ. “ಮಗು ಅಷ್ಟು ಸಲ ಹೇಳ್ತಲ್ಲೋ” ಎಂದಳು. ಆಮೇಲೆ, “ನಿಂಗೆ ಆಗ್ಲೇ ಗೊತ್ತಿತ್ತಾ?” ಎಂದು ಕೇಳಿದಳು. ಇಲ್ಲಮ್ಮಾ ಎಂದೆ. ಸುಳ್ಳು. ಸರ್ವೇಯರ್ ಬಂದಾಗ ಹೊಳೆಯಿತು ಎಂದು ಮೇಲೆ ಬರೆದದ್ದೂ ಸುಳ್ಳು. ವೀಲ್ ಹಾಕಿದ ದಿನವೇ ಅರವತ್ತು ಕಿಲೋಮೀಟರ್ ಓಡಿಸಿ ನೋಡಿದ್ದೆ. ಕಾರಿನ ಪರದೆಯೇ ತೋರಿಸಿತು, ಒಂದು ಚಾರ್ಜಿಗೆ ಐವತ್ತು ಕಡಿಮೆ ಎಂದು. ನೋಡಿದರೆ ಕಳಚು ಅನ್ನುತ್ತೀಯಾ ಎಂದು ಆ ಲೆಕ್ಕ ಅಳಿಸಿ, ಪರದೆಯಲ್ಲಿ ಮತ್ತೆ ಕಂಪನಿಯ ಮುನ್ನೂರೇ ಕಾಣುವ ಹಾಗೆ ಮಾಡಿ ಕೀಲಿ ಕೊಟ್ಟೆ. ನೀನು ಸ್ಟೇಷನ್ನಿಗೆ ಹೊರಟಾಗಲೂ ನನಗೆ ಗೊತ್ತಿತ್ತು, ಹೇಗೋ ಮುಟ್ಟುತ್ತೀಯಾ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅಮ್ಮನ ಫೋನಿಗೆ ಮಾಡು, ನಾನು ಅವಳೆದುರಿಗೇ ಕೂತಿರುತ್ತೇನೆ. ಹೇಳಬೇಕಾದವನು ನಾನು. ಐದು ನಿಮಿಷದಲ್ಲಿ ನಾನು ಬಾಯಿ ಬಿಡದಿದ್ದರೆ, ಈ ಸಾಲುಗಳನ್ನು ನೀನೇ ಅವಳಿಗೆ ಗಟ್ಟಿಯಾಗಿ ಓದಿಬಿಡು.