ಧೊಂಡಿಬಾನ ಕಂಬಳಿಯ ಮೇಲೆ

ಬೀದರ,
೧೯ ಜನವರಿ ೧೯೫೭

ಮಗಳು ಕೇಶರಬಾಯಿಗೆ, ಬೀದರಿನಿಂದ ತಂದೆ ವೈಜಿನಾಥನ ಆಶೀರ್ವಾದ.

ಧಾರವಾಡದಿಂದ ನೀನು ಬರೆದ ಪತ್ರ ಕೈಸೇರಿ ಎರಡು ತಿಂಗಳಾಯಿತು. ತಡವಾದದ್ದಕ್ಕೆ ಕೋರ್ಟಿನ ಕೆಲಸವನ್ನೋ ಅಂಚೆಯವರನ್ನೋ ದೂರಬಹುದಿತ್ತು, ಎರಡೂ ಸುಳ್ಳಾಗುತ್ತಿದ್ದವು. ಹುಟ್ಟಿದ ಮಗುವಿಗೆ ನಿನ್ನ ಅಣ್ಣ ಮಾಣಿಕನ ಹೆಸರಿಡಲೇ ಎಂದು ನೀನು ಅಪ್ಪಣೆ ಕೇಳಿದ್ದೆ. ಆ ಹೆಸರನ್ನು ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಯಾರೂ ಗಟ್ಟಿಯಾಗಿ ಅಂದಿಲ್ಲ. ತೊಟ್ಟಿಲ ಬಳಿ ನೀವೆಲ್ಲ ಅದನ್ನು ಹಗಲಿಡೀ ಕೂಗುವುದನ್ನು ನೆನೆದೆ, ಲೇಖನಿ ಕೆಳಗಿಟ್ಟೆ. ಕ್ಷಮಿಸು. ನನ್ನ ಉತ್ತರಕ್ಕಾಗಿ ನಾಮಕರಣವನ್ನೇ ಮುಂದೆ ಹಾಕಿದ್ದೀರೆಂದು ತಿಳಿದ ಮೇಲೆ ನಿನ್ನ ಅವ್ವ ನನಗೆ ನೆಮ್ಮದಿ ಕೊಟ್ಟಿಲ್ಲ. "ಕೂಸಿಗಿ ಹೆಸರಿಲ್ದಾಂಗ ಎಷ್ಟ ದಿನಾ ಇಡ್ತೀರಿ? ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ. ತಾರೀಖ ಮ್ಯಾಲ ತಾರೀಖ ಕೊಡ್ಲಾಕ ಇದೇನು ಕೋರ್ಟ್ ಅಲ್ಲ" ಎನ್ನುತ್ತಾಳೆ. ನನ್ನ ಮನೆಯಲ್ಲಿ ಕಾರಣ ಹೇಳದೆ ಯಾರೂ ಏನನ್ನೂ ಪಡೆದವರಲ್ಲ ಎಂಬುದು ನಿನಗೆ ನೆನಪಿರಬೇಕು. ಉರುಸಿಗೆ ಹೋಗಬೇಕಾದರೂ ನೀವಿಬ್ಬರೂ ನನ್ನೆದುರು ನಿಂತು ವಾದ ಮಂಡಿಸಬೇಕಿತ್ತು. ಆದ್ದರಿಂದ ನನ್ನ ಉತ್ತರಕ್ಕೂ ಕಾರಣ ಕೊಡಬೇಕು. ಅದು ಕಳೆದ ವಾರ ಠಾಣಾ ಕುಶನೂರಿನಲ್ಲಿ ದೊರೆಯಿತು.

ನವೆಂಬರಿನಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಬೆನ್ನಿಗೇ ಬೀದರಿನಲ್ಲಿ ಗ್ರಾಮಸೇವಕರ ತರಬೇತಿ ಶಿಬಿರವೊಂದು ತೆರೆಯಿತು. ಭಾಲ್ಕಿ, ಔರಾದ ಕಡೆಯ ಓದಿದ ತರುಣರನ್ನು ಆರಿಸಿ ಗೊಬ್ಬರ, ಬೀಜ, ಬಾವಿ, ರಸ್ತೆಗಳ ಕೆಲಸ ಕಲಿಸುತ್ತಾರೆ. ಆದರೆ ನಮ್ಮ ಸೀಮೆಯಲ್ಲಿ ಬಾವಿ ತೋಡುವ ಮೊದಲು ಅದರ ಎರಡು ಬದಿಯವರು ಪರಸ್ಪರ ಮಾತಾಡಬೇಕು. ಒಬ್ಬನ ಮನೆ ಸುಟ್ಟದ್ದು ರಜಾಕಾರರ ಕಾಲದಲ್ಲಿ. ಅವನ ನೆರೆಯವನ ಮನೆ ಸುಟ್ಟದ್ದು ನಿಜಾಮರ ಆಳ್ವಿಕೆ ಮುಗಿದ ಸೆಪ್ಟೆಂಬರಿನ ಆ ವಾರದಲ್ಲಿ, ಸೇಡಿಗೆ ಹೊರಟವರಿಂದ. ಇಬ್ಬರೂ ಇಂದಿಗೂ ಒಬ್ಬರ ನೆರಳನ್ನು ಒಬ್ಬರು ತಪ್ಪಿಸಿ ನಡೆಯುತ್ತಾರೆ. ಶಿಬಿರದ ಮುಖ್ಯಸ್ಥರು ಮೈಸೂರು ಕಡೆಯ ಸಜ್ಜನರು. "ಜಗಳ ಬಿಡಿಸೋದನ್ನ ನಮ್ಮ ಹುಡುಗ್ರಿಗೆ ತಾವೇ ಹೇಳಿಕೊಡ್ಬೇಕು ಸ್ವಾಮಿ" ಎಂದು ನನ್ನನ್ನು ಕರೆದರು. ಜಗಳವನ್ನೇ ಉಂಡು ಬದುಕುವ ವಕೀಲನಿಗೆ ಆ ಕೆಲಸ ಬಂತೆಂದು ನಿನ್ನ ಅವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. ತರಬೇತಿಗೆ ಬಂದ ಗೋರಖನಾಥ ಎಂಬ ವಾಚಾಳಿಯಂತೂ, "ಸರ್, ಸಾಹೇಬರ ಕನ್ನಡ ತಿಳೀಲಾಕ ಮೊದಲ ನಮಗೊಂದು ಟ್ರೇನಿಂಗ್ ಕೊಡ್ರಿ" ಎಂದ.

ಹೈದರಾಬಾದಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳ್ಳಿಯ ಬಟ್ಟಲು ಗೆದ್ದ ಕಥೆ ನಿನಗೆ ಸಾಕುಸಾಕಾಗಿದೆ. ಅಲ್ಲಿ ಯಾವ ಪಕ್ಷ ವಹಿಸಬೇಕೆಂಬುದು ವೇದಿಕೆ ಹತ್ತಿದ ಮೇಲೆ ಚೀಟಿ ಎತ್ತಿ ಗೊತ್ತಾಗುತ್ತಿತ್ತು. ಅದನ್ನೇ ಈ ತರುಣರಿಗಾಗಿ ಬದಲಿಸಿದೆ. ಎದುರುಬದುರು ಎರಡು ಕಂಬಳಿ ಹಾಸಬೇಕು. ತಕರಾರಿನ ಇಬ್ಬರೂ ತಮ್ಮ ತಮ್ಮ ಕಂಬಳಿಯ ಮೇಲೆ ಕೂತು ತಮ್ಮ ಮಾತು ಹೇಳಬೇಕು. ಅನಂತರ ಕಂಬಳಿ ಬದಲಿಸಿ, ಎದುರಾಳಿಯ ಜಾಗದಲ್ಲಿ ಕೂತು, ಅವನ ಮಾತನ್ನು 'ನಾನು' ಎಂದೇ ಹೇಳಬೇಕು. 'ಹೌದು, ಇದು ನನ್ನ ಮಾತು' ಎಂದು ಎದುರಾಳಿ ಒಪ್ಪುವ ತನಕ ಏಳುವಂತಿಲ್ಲ. ತಾನೇ ತಕರಾರಿನಲ್ಲಿರುವವನು ನಡುವೆ ಕೂತು ತೀರ್ಮಾನ ಹೇಳುವಂತಿಲ್ಲ. ನಿಯಮಕ್ಕೆ ವಿನಾಯಿತಿಯಿಲ್ಲವೆಂದು ಮೊದಲ ದಿನವೇ ಸಾರಿದ್ದೆ. ಬಿದರಿ ಕೆಲಸದ ಮನೆತನದ ಮಕ್ಸೂದ ಎಂಬವನು ಅದನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಕಲಿತ. ಹಾಗೆಂದು ಅವನಿಗೆ ನಾನು ಎಂದೂ ಹೇಳಿರಲಿಲ್ಲ.

ಕಳೆದ ವಾರ ಅವರನ್ನು ಠಾಣಾ ಕುಶನೂರಿಗೆ ಕರೆದೊಯ್ದೆವು. ಊರಿನಿಂದ ಬಸ್ಸಿನ ದಾರಿಯವರೆಗೆ ಶ್ರಮದಾನದ ರಸ್ತೆ ಮಾಡಬೇಕಿತ್ತು. ಗುದ್ದಲಿ ಹಿಡಿದು ಊರೇ ಬಂದಿತ್ತು. ಆದರೆ ರಸ್ತೆ ಹಾಯಬೇಕಾದಲ್ಲಿ ಒಂದು ತೊಗರಿ ಹೊಲ, ಅದರ ಅಂಚಿನಲ್ಲಿ ಒಂದು ಗುಡಿಸಲು. ಹೊಲದವನು ಕೊಡಲಿ ಹಿಡಿದು ಗುಡಿಸಲ ಮುಂದೆ ನಿಂತಿದ್ದ. ಹತ್ತಿರ ಹೋದಾಗ ಗುರುತು ಹತ್ತಿತು. ಧೊಂಡಿಬಾ.

ಹೌದು, ನಾವು ಬೀದರಿಗೆ ಬರುವ ಮೊದಲು ಭಾಲ್ಕಿಯಲ್ಲಿ ನಮ್ಮ ಓಣಿಯಲ್ಲಿದ್ದ ಧೊಂಡಿಬಾ. ಯಾರ ಮುಚ್ಚಿದ ಬಾಗಿಲಿನೆದುರು ನಿನ್ನ ಅಣ್ಣನ ಹೆಣ ನಮಗೆ ಸಿಕ್ಕಿತೋ ಅವನು. ಸೆಪ್ಟೆಂಬರಿನ ಆ ವಾರ ಗುಂಪು ಬೆನ್ನಟ್ಟಿದಾಗ ಮಾಣಿಕ ಆ ಬಾಗಿಲು ತಟ್ಟಿದನೆಂದೂ ಅದು ತೆರೆಯಲಿಲ್ಲವೆಂದೂ ಓಣಿಗೆಲ್ಲ ಗೊತ್ತಿತ್ತು. ನಾನು ಅವನೊಡನೆ ಮಾತು ಬಿಟ್ಟೆ. ನನ್ನನ್ನು ನೋಡಿ ಓಣಿಯೂ ಬಿಟ್ಟಿತು. ವರ್ಷ ತುಂಬುವ ಮೊದಲೇ ಅವನು ಹೆಂಡತಿಯ ತವರಾದ ಈ ಊರಿಗೆ ಬಂದು ನೆಲೆಸಿದ್ದ.

"ಒಂದು ಗುಡಸಲಾ ಸಲುವಾಗಿ ಊರಿಗೂರೇ ಕೆಸರಾಗ ಬೀಳಬೇಕೇನು?" ಎಂದು ಬಾಬುಮಿಯಾ ಎಂಬ ಗಾಡಿಯವನು ಕೂಗಿದ. "ಮಳಿಗಾಲದಾಗ ನನ್ನ ಎತ್ತು ಇಲ್ಲೇ ಕಾಲ ಮುರ್ಕೊಂಡದ. ಕಿತ್ತಿ ಒಗಿರಿ ಅದಕ!"

"ಬಾ, ಕೀಳ ಬಾ. ಮೊದಲ ನನಗ ಕೀಳು" ಎಂದ ಧೊಂಡಿಬಾ.

ನಾಲ್ಕಾರು ಜನ ಮುಂದೆ ಸರಿದರು. ಧೊಂಡಿಬಾನ ಕೊಡಲಿ ಹೆಗಲ ಮಟ್ಟಕ್ಕೆ ಏರಿತು. ನಮ್ಮ ತರುಣರು ನನ್ನ ಮುಖ ನೋಡಿದರು. ಕಂಬಳಿ ಹಾಸಿರೆಂದು ಹೇಳಿ, ನಾನು ಎಂದಿನಂತೆ ನಡುವಿನ ಜಾಗದಲ್ಲಿ ಕೂತೆ.

"ಇವರು ನಡಕ ಕುಂತ್ರ ನಾ ಕುಂದ್ರಾಂಗಿಲ್ಲ" ಎಂದ ಧೊಂಡಿಬಾ. "ಇವರು ನನ್ನ ಮಾರಿ ನೋಡಿ ಎಂಟ ವರ್ಷ ಆಯ್ತು."

ಮಕ್ಸೂದ ನನ್ನ ಬಳಿ ಬಗ್ಗಿ ಕೇಳಿದ: "ಸರ್, ತಪ್ಪ ತಿಳ್ಕೋಬ್ಯಾಡ್ರಿ. ನಿಮಗೂ ಇವರಿಗೂ ಏನರ ತಕರಾರ ಅದ ಏನ್ರಿ?"

"ಇದೆ."

"ಹಂಗಾರ ನೀವು ನಡಕ ಕೂಡ್ಲಾಕ ಬರಾಂಗಿಲ್ರಿ." ಅವನು ಎದುರಿನ ಕಂಬಳಿಯತ್ತ ಕೈ ತೋರಿಸಿದ. "ಮೊದಲ ನಿಮ್ಮದು ಮುಗೀಬೇಕ್ರಿ. ಕಂಬಳಿ ಮ್ಯಾಲ ಕೂಡ್ರಿ, ಸರ್."

ಜೀಪು ಹತ್ತಿರದಲ್ಲೇ ನಿಂತಿತ್ತು, ಎದ್ದು ಹೋಗಬಹುದಿತ್ತು. ಹೋದರೆ ಗುದ್ದಲಿಗಳು ಗುಡಿಸಲ ಮೇಲೆ ಬೀಳುತ್ತಿದ್ದವು, ಕೊಡಲಿ ಯಾರದೋ ಮೇಲೆ. ಅದಕ್ಕಿಂತ ಹೆಚ್ಚಾಗಿ, ನಾನು ಕಲಿಸಿದ್ದು ಬೇರೆಯವರ ದುಃಖಕ್ಕೆ ಮಾತ್ರ ಅನ್ವಯಿಸುತ್ತದೆಂದು ಆ ತರುಣರು ತಿಳಿದುಕೊಳ್ಳುತ್ತಿದ್ದರು. ಕಂಬಳಿಯ ಮೇಲೆ ಕೂತೆ. ಧೊಂಡಿಬಾನೂ ಕೊಡಲಿಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ.

ನನ್ನ ಮಾತು ಚಿಕ್ಕದಿತ್ತು. "ನನ್ನ ಮಗ ಇವನ ಬಾಗಿಲು ತಟ್ಟಿದ. ಇವನು ತೆಗೆಯಲಿಲ್ಲ."

ಧೊಂಡಿಬಾ, "ನಂದೇನಿಲ್ಲ" ಎಂದ.

ಕಂಬಳಿ ಬದಲಿಸಿದೆವು. ನನ್ನ ಜಾಗದಲ್ಲಿ ಕೂತು ಅವನು ನೆಲ ನೋಡುತ್ತ ಹೇಳಿದ: "ನಾ ವಕೀಲ. ನನ್ನ ಮಗಾ ಹೋಗ್ಯಾನ. ಹೊಡದವರು ಯಾರಂತ ನನಗ ತಿಳೀಲಿಲ್ಲ. ಯಾರ ಮ್ಯಾಲರ ನನಗ ಸಿಟ್ಟಿರಬೇಕು. ಇಲ್ಲಂದ್ರ ನಾ ಬದಕಂಗಿಲ್ಲ."

"ಹೌದೇನ್ರಿ ಸರ್?" ಎಂದು ಮಕ್ಸೂದ ಕೇಳಿದ.

ಹೌದೆನ್ನಬೇಕಾಯಿತು.

ಇನ್ನು ನನ್ನ ಸರದಿ. ಕಾಲೇಜಿನ ದಿನಗಳಲ್ಲಿ ಯಾವ ಪಕ್ಷದ ಚೀಟಿ ಬಂದರೂ ನಾನು ತಡವರಿಸಿದವನಲ್ಲ. "ನಾನು ಧೊಂಡಿಬಾ" ಎಂದು ತೊಡಗಿದೆ. "ಹೊರಗೆ ಗುಂಪಿತ್ತು. ನನ್ನ ಜೀವಕ್ಕೆ ಹೆದರಿದೆ. ಬಾಗಿಲು ತೆಗೆಯಲಿಲ್ಲ."

"ಅಲ್ರಿ" ಎಂದ ಧೊಂಡಿಬಾ.

"ನನ್ನ ಹೆಂಡತಿ ಒಳಗಿದ್ದಳು. ಅವಳಿಗಾಗಿ ಹೆದರಿದೆ."

"ಅಲ್ರಿ."

"ಮಾಣಿಕನ ತಂದೆ ಗರ್ವಿಷ್ಠ. ಅವನ ಮನೆತನಕ್ಕಾಗಿ ನಾನೇಕೆ ಸಾಯಲಿ ಎಂದುಕೊಂಡೆ."

ಗುಂಪಿನಲ್ಲಿ ಯಾರೋ ಕೆಮ್ಮಿದರು. ಧೊಂಡಿಬಾ ತಲೆಯಾಡಿಸಿದ. "ಅದೂ ಅಲ್ರಿ, ವಕೀಲಸಾಬ."

ನನ್ನ ಬಳಿ ಬೇರೆ ವಾದ ಇರಲಿಲ್ಲ. ಎಂಟು ವರ್ಷ ಒಬ್ಬನನ್ನು ಅಪರಾಧಿಯೆಂದು ನಂಬಿದವನು ಅವನ ಅಪರಾಧಕ್ಕೆ ಕಾರಣ ಯಾವುದೆಂದು ಅರಿತಿರಲಿಲ್ಲ. "ನನಗೆ ಗೊತ್ತಿಲ್ಲ" ಎಂದೆ. ಸಭೆಯೊಂದರಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಆಗ ಗುಡಿಸಲ ಬಿದಿರುತಟ್ಟಿ ಸರಿಸಿಕೊಂಡು ಒಬ್ಬ ಮುದುಕಿ ಹೊರಬಂದಳು. "ನೀ ಒಳಗ ನಡಿ, ಬೀ!" ಎಂದು ಧೊಂಡಿಬಾ ಗದರಿದ.

"ಕಾಯಕು? ಯಾಕ ಒಳಗ? ಎಂಟ ವರ್ಷ ಒಳಗೇ ಅಲಾ ಕುಂತೀನಿ" ಎಂದಳು ಅವಳು. ನನ್ನ ಎದುರು ಬಂದು ನಿಂತಳು. "ವಕೀಲಸಾಬ, ಆ ಬಾಗಲಾ ಹಿಂದ ನಾ ಇದ್ದೆ. ನಾ ವಜೀರಬೀ. ನನ್ನ ಮೊಮ್ಮಗಳು ವಹೀದಾ ಕಂಕುಳಾಗ ಇದ್ದಳು. ಸಾಯಗಾಂವದಾಗ ನಮ್ಮ ಮನಿಗಿ ಉರಿ ಹಚ್ಚಿದ್ರು. ನಿಮ್ಮ ಮಾಣಿಕ ನಮಗ ಹೊಲದಾಗಿಂದ ಹಾಯಿಸಿ ಭಾಲ್ಕಿತನಕ ತಂದಾ. ಇವರ ಮನ್ಯಾಗ ದಬ್ಬಿದಾ. 'ಕಾಕಾ, ಅಗಳಿ ಹಾಕು, ಯಾರ ತಟ್ಟಿದ್ರೂ ತಗೀಬ್ಯಾಡ, ನಾ ತಟ್ಟಿದ್ರೂ ತಗೀಬ್ಯಾಡ' ಅಂದಾ. ಹೊರಗ ನಿಂತು, 'ಇಲ್ಲಿ ಯಾರೂ ಇಲ್ಲ' ಅಂತ ಅವರಿಗಿ ಹೇಳ್ಲಕತ್ತಿದಾ. ಆಮ್ಯಾಲ ಬಾಗಲಾ ಬಡದ ಸಪ್ಪಳ ಬಂತು. ಕೈಲೆ ಬಡದಾನೋ, ಅವನಿಗೇ ಅದಕ ಒಗದಾರೋ, ನಮಗ ತಿಳೀಲಿಲ್ಲ. ಈ ಮನಷ್ಯಾ ಒಳಗ ತನ್ನ ಕೈ ತಾ ಕಚ್ಕೊಂಡು ಕುಂತಿದ್ದಾ. ನೋಡ್ರಿ, ಕಲೆ ಅದ."

ಧೊಂಡಿಬಾ ಕೈಯನ್ನು ಧೋತರದ ಮಡಿಕೆಯೊಳಗೆ ಎಳೆದುಕೊಂಡ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನಿನ್ನೂ ಅವನ ಕಂಬಳಿಯ ಮೇಲಿದ್ದೆ, ನಿಯಮದಂತೆ ಏಳುವಂತಿರಲಿಲ್ಲ. "ನಾನು ಧೊಂಡಿಬಾ" ಎಂದೆ. "ಮಾಣಿಕ ನನ್ನ ಕೈಗೆ ಎರಡು ಜೀವ ಕೊಟ್ಟ. ಅವನಿಗೆ ಕೊಟ್ಟ ಮಾತಿನಂತೆ ಬಾಗಿಲು ತೆಗೆಯಲಿಲ್ಲ."

ಅವನು ತಲೆಯೆತ್ತಿ ನನ್ನ ಮುಖ ನೋಡಿ, "ಹೌದ್ರಿ" ಎಂದ.

ಆಮೇಲೆ ರಸ್ತೆಯ ಮಾತು ಎತ್ತಿದವನು ಬಾಬುಮಿಯಾನೇ. ಗುಡಿಸಲನ್ನು ಬಳಸಿ ಬೇವಿನ ಮರದ ಆಚೆಯಿಂದ ಗಾಡಿ ತಿರುಗುವುದೋ ಇಲ್ಲವೋ ಎಂದು ತಾನೇ ಹೆಜ್ಜೆ ಹಾಕಿ ನೋಡಿದ. "ಎತ್ತು ಬೈತಾವ, ಬೈಲಿ" ಎಂದ. ಧೊಂಡಿಬಾ ಅತ್ತ ಕಡೆಯ ತೊಗರಿಯನ್ನು ತಾನೇ ಕೊಯ್ದು ದಾರಿ ಬಿಟ್ಟ. ಸಂಜೆಗೆ ಆ ತಿರುವು ಸಿದ್ಧವಾಯಿತು. ನಾನೂ ಬುಟ್ಟಿಯಲ್ಲಿ ಮಣ್ಣು ಹೊತ್ತೆ. ಮಕ್ಸೂದನಿಗೆ, ನೀನು ಇಂದು ಸರಿಯಾಗಿ ಕೆಲಸ ಮಾಡಿದೆ ಎಂದೆ. ಅವನು ಮೈಮೇಲೆ ತಣ್ಣೀರು ಬಿದ್ದವನಂತೆ ನಿಂತುಬಿಟ್ಟ.

ಕಂಬಳಿ ಬದಲಿಸುವುದರಿಂದ ಈ ಸೀಮೆಯ ಗಾಯಗಳೆಲ್ಲ ಮಾಯುತ್ತವೆಂದು ನಾನು ಹೇಳಲಾರೆ. ಮರುದಿನ ಚಿಂತಾಕಿಯಲ್ಲಿ ಇಬ್ಬರು ಕಂಬಳಿಯನ್ನೇ ಹಿಡಿದೆಳೆದು ಹರಿದರು. ಆದರೂ ತರುಣರು ಇನ್ನೊಂದು ಕೊಂಡು ತಂದಿದ್ದಾರೆ.

ಮಗುವಿಗೆ ಮಾಣಿಕನೆಂದೇ ಹೆಸರಿಡು. ಇದು ನನ್ನ ಉತ್ತರ, ಕಾರಣ ಮೇಲಿದೆ. ನಾಮಕರಣಕ್ಕೆ ನಾನೂ ನಿನ್ನ ಅವ್ವನೂ ಬರುತ್ತೇವೆ. ಧೊಂಡಿಬಾ ಮತ್ತು ವಜೀರಬೀ ಬರಲೊಪ್ಪಿದರೆ ಅವರನ್ನೂ ಕರೆತರುತ್ತೇನೆ. ನಿನ್ನ ಅತ್ತೆ ಮಾವಂದಿರಿಗೆ ಮೊದಲೇ ತಿಳಿಸಿ ಒಪ್ಪಿಸು. ಅಳಿಯಂದಿರಿಗೆ ಆಶೀರ್ವಾದ. ಕೂಸು ನೂರು ವರ್ಷ ಬಾಳಲಿ, ನೀನು ತಣ್ಣಗಿರು.

ನಿನ್ನ ತಂದೆ,
ವೈಜಿನಾಥ

ತಾ. ಕ.: ಮೇಲಿನದನ್ನೆಲ್ಲ ನಿನ್ನ ಅವ್ವನಿಗೆ ಓದಿ ಹೇಳಿದ್ದೇನೆ. ಇದನ್ನು ಹೇಳಿಲ್ಲ, ನೀನೂ ಹೇಳಬೇಡ.

ಸಾಯಗಾಂವದ ಕಡೆಯಿಂದ ಭಾಲ್ಕಿಯ ನಮ್ಮ ಓಣಿಗೆ ಬಂದವರಿಗೆ ಮೊದಲು ಸಿಗುತ್ತಿದ್ದುದು ನಮ್ಮ ಮನೆ. ಧೊಂಡಿಬಾನದು ಓಣಿಯ ಆ ತುದಿಯಲ್ಲಿ. ಮಾಣಿಕ ಬೀದರಿನ ದಾರಿಯಿಂದ ಬಂದನೆಂದೂ, ಮನೆ ಮುಟ್ಟುವ ಮೊದಲೇ ಗುಂಪಿಗೆ ಸಿಕ್ಕಿದನೆಂದೂ ನಾನು ಇಷ್ಟು ವರ್ಷ ನಂಬಿದ್ದೆ. ಅವನು ನಮ್ಮ ಬಾಗಿಲನ್ನು ದಾಟಿಕೊಂಡು ಹೋಗಿದ್ದ.

ಜೀಪು ಹತ್ತುವ ಮೊದಲು ಧೊಂಡಿಬಾನನ್ನು ಬೇರೆ ಕರೆದು, ನಿಜವನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟೆಯೆಂದು ಕೇಳಿದೆ. "ಬ್ಯಾಡ್ರಿ" ಎಂದ. ಬಿಡಲಿಲ್ಲ. "ಅದು ಹೇಳಿದ್ರ ಇದೂ ಹೇಳಬೇಕಾಗ್ತಿತ್ರಿ" ಎಂದ. "ನಾನೂ ಕೇಳ್ದೆ ಅವನಿಗಿ, ನಿಮ್ಮ ಮನೀ ಬಿಟ್ಟು ಇಲ್ಲಿತನಕ ಯಾಕ ಬಂದಿ ಅಂತ. 'ನಮ್ಮಪ್ಪ ಬಾಗಲಾ ತಗಿಯೂ ಮೊದಲ ಯಾಕ ಅಂತ ಕೇಳ್ತಾರ, ಕಾಕಾ. ಹೇಳ್ಲಾಕ ವ್ಯಾಳ್ಯಾ ಇಲ್ಲ' ಅಂದ. ನಕ್ಕೋತ ಅಂದಾ ರೀ. ಸಿಟ್ಟಿಲೆ ಅಲ್ಲ."

ಕೇಶರ, ಆ ಮಧ್ಯಾಹ್ನ ನೀನು ನಡುಮನೆಯಲ್ಲಿ ನನ್ನ ಎದುರಿಗೇ ಕೂತಿದ್ದೆ. ಅಗುಳಿಯ ಮೇಲೆ ನನ್ನ ಕೈ ಇತ್ತು. ಅವನು ತಟ್ಟಿದ್ದರೆ ಏನನ್ನೂ ಕೇಳದೆ ತೆಗೆಯುತ್ತಿದ್ದೆನೇ? ಎರಡು ಪಕ್ಷದಿಂದಲೂ ವಾದಿಸಿ ನೋಡಿದ್ದೇನೆ. ಎರಡೂ ಕಡೆ ನಾನೇ ಗೆಲ್ಲುತ್ತೇನೆ. ನೀನು ಅಂದು ನನ್ನ ಮುಖ ನೋಡುತ್ತಿದ್ದವಳು. ನೀನು ಹೇಳು.